ಸ್ಟಿಫಾಡೊ ನಮ್ಮ ಕಡೆಯ ಮಾಂಸದಲ್ಲಿ: ಎಷ್ಟು ಹೊತ್ತು ಬೇಯಿಸಬೇಕು, ಯಾವ ಈರುಳ್ಳಿ, ವೈನ್ ಬದಲು ಏನು?

ಬಂಗಾರಪೇಟೆ ಬೋಗಿ
ಎಲ್ಲರಿಗೂ ನಮಸ್ಕಾರ. ನಮ್ಮಕ್ಕ ಸೈಪ್ರಸ್‌ನಲ್ಲಿ ಕೆಲಸದಲ್ಲಿದ್ದಾಳೆ. ಫೋನ್ ಮಾಡಿದಾಗಲೆಲ್ಲ ಅಲ್ಲಿನ ಸ್ಟಿಫಾಡೊ ಅನ್ನೋ ಸ್ಟ್ಯೂ ಬಗ್ಗೆ ಹೇಳಿ ಬಾಯಲ್ಲಿ ನೀರೂರಿಸುತ್ತಾಳೆ. ಗ್ರೀಸ್‌ನಲ್ಲೂ ಸೈಪ್ರಸ್‌ನಲ್ಲೂ ಮಾಡುತ್ತಾರಂತೆ. ಮಾಂಸ ಎಷ್ಟೋ ಹೆಚ್ಚುಕಮ್ಮಿ ಅಷ್ಟೇ ತೂಕದ ಸಣ್ಣ ಈರುಳ್ಳಿ, ಟೊಮೇಟೊ, ಕೆಂಪು ವೈನ್, ವಿನೆಗರ್, ಚಕ್ಕೆ, ಲವಂಗ. ಮೆಣಸಿನಕಾಯಿ ಇಲ್ಲ, ಧನಿಯಾ ಇಲ್ಲ, ಕಾಯಿ ಇಲ್ಲ.

ಮನೆಯಲ್ಲಿ ಮಾಡಿ ನೋಡಬೇಕು. ವಿಡಿಯೋಗಳಲ್ಲಿ ಎರಡು ಗಂಟೆ ಬೇಯಿಸಿ ಅನ್ನುತ್ತಾರೆ. ನಮ್ಮ ಕಡೆ ಸಿಗುವ ದೊಡ್ಡ ಮಾಂಸಕ್ಕೆ ಅದು ಸಾಲುತ್ತದಾ? ವೈನ್ ಬಾಟಲಿ ಮನೆಯೊಳಗೆ ತರೋ ಹಾಗಿಲ್ಲ, ಅಮ್ಮ ನನ್ನನ್ನೂ ಸೇರಿಸಿ ಆಚೆ ಹಾಕುತ್ತಾರೆ. ಬದಲಿಗೆ ಏನು ಹಾಕಬಹುದು? ಕುಕ್ಕರ್ ನಡೆಯುತ್ತದಾ?

ದಯವಿಟ್ಟು ಯಾರೂ ಒಂದು ಚಮಚ ಗರಂ ಮಸಾಲೆ ಹಾಕಿ ಅನ್ನಬೇಡಿ. ಅದನ್ನು ಹಾಕಿ ಮಾಡೋದು ನನಗೆ ಬರುತ್ತದೆ.

ರಾಬರ್ಟ್‌ಸನ್‌ಪೇಟೆ ಆಂಟಿ
ಎರಡು ಗಂಟೆ ಸಾಲುವುದಿಲ್ಲ ಮಗಾ. ಆ ವಿಡಿಯೋದವರು ಹಾಕುವುದು ಎರಡು ವರ್ಷದ ಆಸುಪಾಸಿನ ಎಳೇ ಪ್ರಾಣಿಯ ಮಾಂಸ. ನಮಗೆ ಸಿಗುವುದು ವಯಸ್ಸಾದ ಎಮ್ಮೆ, ಕೋಣದ್ದು. ಬಣ್ಣ ಕಪ್ಪಗಿರುತ್ತದೆ, ಕೊಬ್ಬು ಕಮ್ಮಿ, ಇರೋ ಕೊಬ್ಬೂ ಬೆಳ್ಳಗೆ ಗಟ್ಟಿಯಾಗಿರುತ್ತದೆ. ಮುಚ್ಚಳ ಹಾಕಿದ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ ಮೂರೂವರೆಯಿಂದ ನಾಲ್ಕು ಗಂಟೆ ಇಟ್ಟುಕೊಳ್ಳಿ.

ಅಂಗಡಿಯಲ್ಲಿ ಬೋನ್‌ಲೆಸ್ ಅಂತ ಕೇಳಲೇಬೇಡಿ. ಹಾಗೆ ಕೇಳಿದರೆ ತೊಡೆಯ ಒಣ ಮಾಂಸ ಕೊಡುತ್ತಾರೆ. ಅದು ಬೇಯುತ್ತದೆ, ಆದರೆ ಬಾಯಲ್ಲಿ ನಾರುನಾರು. ಮುಂಗಾಲಿನ ಮೀನಖಂಡ ಕೇಳಿ. ಅಡ್ಡಕ್ಕೆ ಕೊಯ್ದರೆ ಮಧ್ಯದಲ್ಲಿ ಬಿಳಿ ಪಟ್ಟಿ, ಅರೆಪಾರದರ್ಶಕ ಪೊರೆ ಕಾಣಿಸಬೇಕು. ಕೆಲವರು ಅದನ್ನು ನರ ಅಂತ ಕಿತ್ತು ಬಿಸಾಡುತ್ತಾರೆ. ಸ್ಟ್ಯೂಗೆ ಅಂಟು ಬರುವುದೇ ಅದರಿಂದ, ಬಿಡಿ ಹಾಗೇ ಇರಲಿ. ಕತ್ತಿನ ಭಾಗವೂ ಒಳ್ಳೆಯದು. ಜೊತೆಗೆ ಒಂದು ನಲ್ಲಿ ಮೂಳೆ ಹಾಕಿಸಿಕೊಳ್ಳಿ.

ತುಂಡು ದೊಡ್ಡದಿರಬೇಕು, ಎರಡು ಇಂಚಿಗೆ ಕಮ್ಮಿ ಬೇಡ. ಅಂಗಡಿಯವನ ಕೈ ತಾನಾಗೇ ಸಣ್ಣ ಪೀಸ್ ಮಾಡಿಬಿಡುತ್ತದೆ. ಎದುರಿಗೇ ನಿಂತು ಹೇಳಬೇಕು.

ತುಮಕೂರು ತಿಂಡಿಪೋತ
ಜಗಳಕ್ಕೆ ಅಲ್ಲ, ಸುಮ್ನೆ ಕೇಳುತ್ತಿದ್ದೇನೆ. ಇದೆಲ್ಲ ಈಗ ಕಾನೂನು ಪ್ರಕಾರ ಸರಿನಾ? ಇಲ್ಲಿ ಹಾಕಿ ಆಮೇಲೆ ಗಲಾಟೆ ಆಗೋದು ಬೇಡ.

ನಿರ್ವಾಹಕ
ಕೇಳಿದ್ದು ಒಳ್ಳೆಯದಾಯಿತು. 2020ರ ಕರ್ನಾಟಕ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆ ಪ್ರಕಾರ ಹಸು, ಕರು, ಎತ್ತು, ಹೋರಿ, 13 ವರ್ಷದೊಳಗಿನ ಎಮ್ಮೆ ಕೋಣ ಎಲ್ಲವೂ ನಿಷೇಧದ ಒಳಗೆ ಬರುತ್ತವೆ. 13 ವರ್ಷ ದಾಟಿದ ಎಮ್ಮೆ, ಕೋಣಕ್ಕೆ ಪರೀಕ್ಷೆ ಆಗಿ ಪ್ರಮಾಣಪತ್ರ ಇದ್ದರೆ ಅವಕಾಶ ಇದೆ. ಇಲ್ಲಿ ಮಾತಾಡುತ್ತಿರುವುದು ಅದರ ಬಗ್ಗೆ. ಪರವಾನಗಿ ಇರುವ ಅಂಗಡಿಯಲ್ಲೇ ತಗೊಳ್ಳಿ. ತಿನ್ನದವರು ಇದೇ ಅಡುಗೆಯನ್ನು ಕುರಿ ಮಾಂಸದಲ್ಲಿ ಮಾಡಿಕೊಳ್ಳಬಹುದು. ತಿನ್ನುವವರನ್ನು ಹಂಗಿಸುವ, ತಿನ್ನದವರನ್ನು ಕೆಣಕುವ ಕಾಮೆಂಟು ಎರಡೂ ಡಿಲೀಟ್ ಆಗುತ್ತವೆ. ಅಡುಗೆ ಮುಂದುವರಿಯಲಿ.

ಕೆಮಿಸ್ಟ್ರಿ ಮೇಷ್ಟ್ರು, ಕೋಲಾರ
ಆಂಟಿ ಹೇಳಿದ ಬಿಳಿ ಪಟ್ಟಿ ಇದೆಯಲ್ಲ, ಅದು ಕೊಲಾಜನ್. ಪ್ರಾಣಿಗೆ ವಯಸ್ಸಾದಂತೆ ಅದರ ಎಳೆಗಳ ನಡುವೆ ಗಂಟು ಜಾಸ್ತಿಯಾಗುತ್ತದೆ. ಹಾಗಾಗಿ ಮುದಿ ಎಮ್ಮೆಯದು ಬೇಗ ಕರಗುವುದಿಲ್ಲ. ಸುಮಾರು 70 ಡಿಗ್ರಿ ದಾಟಿದ ಮೇಲೆ ಕೊಲಾಜನ್ ನಿಧಾನವಾಗಿ ಜಿಲಾಟಿನ್, ಅಂದರೆ ಆಂಟಿ ಹೇಳಿದ ಅಂಟು, ಆಗುತ್ತದೆ. ಮಾಂಸದ ಎಳೆಗಳು ಅದಕ್ಕಿಂತ ಮೊದಲೇ ಬಿಗಿದು ನೀರು ಬಿಟ್ಟಿರುತ್ತವೆ. ಒಂದು ಗಂಟೆ ಬೆಂದಾಗ ಮುಟ್ಟಿ ನೋಡಿದರೆ ಹಸಿ ಮಾಂಸಕ್ಕಿಂತ ಗಟ್ಟಿ ಅನ್ನಿಸುವುದು ಇದಕ್ಕೇ. ಕೆಟ್ಟೋಯಿತು ಅಂತ ಕೈಬಿಡುವುದು ಅಲ್ಲೇ. ಬಿಡಬೇಡಿ, ಇನ್ನೂ ಬೇಯಿಸಿ.

ಕುಕ್ಕರ್ ಒಳಗೆ 120 ಡಿಗ್ರಿ ಹತ್ತಿರ ಹೋಗುತ್ತದೆ. ಆದ್ದರಿಂದ ಕೆಲಸ ಬೇಗ ಆಗುತ್ತದೆ. ಕೂಗು ಎಣಿಸಬೇಡಿ. ಒಬ್ಬೊಬ್ಬರ ಕುಕ್ಕರ್ ಒಂದೊಂದು ಥರ ಕೂಗುತ್ತದೆ. ಮೊದಲ ಕೂಗು ಬಂದ ಮೇಲೆ ಉರಿ ಪೂರ್ತಿ ಸಣ್ಣ ಮಾಡಿ ಗಡಿಯಾರ ನೋಡಿ. ಮೀನಖಂಡಕ್ಕೆ 40 ನಿಮಿಷ. ಒತ್ತಡ ತಾನಾಗಿ ಇಳಿಯಲಿ. ತೆಗೆದು ನೋಡಿ, ಗಟ್ಟಿ ಇದ್ದರೆ ಇನ್ನೊಂದು 10 ನಿಮಿಷ.

ಬಂಗಾರಪೇಟೆ ಬೋಗಿ
ಮೇಷ್ಟ್ರೇ, ಕುಕ್ಕರ್‌ಗೇ ಎಲ್ಲ ಒಟ್ಟಿಗೆ ಹಾಕಿ ಮುಚ್ಚಿದರೆ ಆಗಲ್ವಾ?

ರಾಬರ್ಟ್‌ಸನ್‌ಪೇಟೆ ಆಂಟಿ
ಆಗುತ್ತದೆ. ಈರುಳ್ಳಿ ಕಣ್ಣಿಗೆ ಕಾಣಿಸುವುದಿಲ್ಲ ಅಷ್ಟೆ. ಈ ಅಡುಗೆಯಲ್ಲಿ ಈರುಳ್ಳಿ ಇಡಿಯಾಗಿ ಇರಬೇಕು, ತಟ್ಟೆಯಲ್ಲಿ ಮಾಂಸದ ಪಕ್ಕ ಹೊಳೀತಾ ಕೂತಿರಬೇಕು. ಕುಕ್ಕರ್‌ನಲ್ಲಿ 40 ನಿಮಿಷ ಹಾಕಿದರೆ ಗೊಜ್ಜಾಗುತ್ತದೆ.

ಗುಡಿಬಂಡೆ ರೈತ
ಈರುಳ್ಳಿ ಮಾತು ಬಂತು ಅಂತ ಒಳಗೆ ಬಂದೆ. ಅಣ್ಣಾ, ಈ ಅಡುಗೆಗೆ ಬೇಕಾದ ಈರುಳ್ಳಿ ನಿಮ್ಮ ಪಕ್ಕದಲ್ಲೇ ಬೆಳೆಯುತ್ತದೆ. ನಮ್ಮ ಚಿಕ್ಕಬಳ್ಳಾಪುರ, ಕೋಲಾರ, ಬೆಂಗಳೂರು ಗ್ರಾಮಾಂತರದ ರೋಸ್ ಆನಿಯನ್. ಗುಲಾಬಿ ಬಣ್ಣ, ಚಪ್ಪಟೆ ಬುಡ, ಗಾತ್ರ ಸಣ್ಣದು, ಖಾರ ಜಾಸ್ತಿ. 2015ರಲ್ಲಿ ಇದಕ್ಕೆ ಜಿಐ ಟ್ಯಾಗ್, ಅಂದರೆ ಈ ಊರಿನದೇ ಬೆಳೆ ಅನ್ನೋ ಗುರುತು, ಸಿಕ್ಕಿದೆ. ಬೆಳೆಯುವುದು ನಾವು, ತಿನ್ನುವುದು ಮಲೇಷ್ಯಾ, ಸಿಂಗಾಪುರ, ಇಂಡೋನೇಷ್ಯಾದವರು. ಇಲ್ಲಿನ ಮನೆಗಳಲ್ಲಿ ಸಿಪ್ಪೆ ಸುಲಿಯೋಕೆ ಬೇಜಾರು ಅಂತ ಯಾರೂ ತಗೊಳ್ಳಲ್ಲ. ಹೋಟೆಲ್‌ನವರಂತೂ ಮೂಸಿಯೂ ನೋಡಲ್ಲ.

ರಫ್ತಿಗೆ ಹೋಗದ ಸಣ್ಣ ಗಡ್ಡೆ ಕೇಳಿ ನೋಡಿ. ಕಡಿಮೆ ರೇಟಿಗೆ ಬರುತ್ತದೆ. ನಿಮಗೆ ಬೇಕಾಗಿರುವುದೂ ಅದೇ ಸೈಜ್.

ಬಂಗಾರಪೇಟೆ ಬೋಗಿ
ಇದು ನನಗೆ ಹೊಳೆದೇ ಇರಲಿಲ್ಲ ಅಣ್ಣಾ. ನಾನು ಸಾಂಬಾರ್ ಈರುಳ್ಳಿ ಹಾಕೋಣ ಅಂತಿದ್ದೆ.

ಗುಡಿಬಂಡೆ ರೈತ
ಸಾಂಬಾರ್ ಈರುಳ್ಳಿನೂ ಆಗುತ್ತದೆ. ಆದರೆ ಒಂದು ಕೆಜಿ ಸುಲಿಯುವಷ್ಟರಲ್ಲಿ ಸಂಜೆ ಆಗುತ್ತದೆ ನೋಡಿ.

ರಾಬರ್ಟ್‌ಸನ್‌ಪೇಟೆ ಆಂಟಿ
ಸುಲಿಯೋಕೆ ಸುಲಭದ ದಾರಿ ಇದೆ. ಕುದಿಯುವ ನೀರಿಗೆ ಈರುಳ್ಳಿ ಹಾಕಿ ಒಂದೆರಡು ನಿಮಿಷ ಬಿಟ್ಟು, ತಣ್ಣೀರಿಗೆ ಹಾಕಿ. ತುದಿ ಮಾತ್ರ ಕತ್ತರಿಸಿ ಬುಡದ ಕಡೆಯಿಂದ ಒತ್ತಿದರೆ ಸಿಪ್ಪೆಯಿಂದ ಜಾರಿ ಆಚೆ ಬರುತ್ತದೆ. ಬೇರಿನ ಬುಡವನ್ನು ಪೂರ್ತಿ ಕತ್ತರಿಸಬಾರದು, ಬೇರಿನ ಕೂದಲು ಮಾತ್ರ ಹೆರೆಯಿರಿ. ಪದರಗಳನ್ನು ಹಿಡಿದುಕೊಂಡಿರುವುದೇ ಆ ಬುಡ. ಅಲ್ಲಿ ಚಾಕುವಿನ ತುದಿಯಿಂದ ಒಂದು ಸಣ್ಣ ಅಡ್ಡಗೀರು, ಒಂದು ಉದ್ದಗೀರು ಹಾಕಿದರೆ ಒಳಗಿನ ತಿರುಳು ಹೊರಗೆ ನುಗ್ಗುವುದಿಲ್ಲ.

ಆಮೇಲೆ ಬೇರೆ ಬಾಣಲೆಯಲ್ಲಿ ಎಣ್ಣೆ ಹಾಕಿ, ಅಲ್ಲಲ್ಲಿ ಕಂದು ಬೊಟ್ಟು ಬರೋವರೆಗೆ ಉರುಳಾಡಿಸಿ ಎತ್ತಿಟ್ಟುಕೊಳ್ಳಿ. ಮಾಂಸ ಮುಕ್ಕಾಲು ಭಾಗ ಬೆಂದ ಮೇಲೆ ಇವನ್ನು ಸೇರಿಸಿ, ಕೊನೆಯ ಮುಕ್ಕಾಲು ಗಂಟೆ ಎರಡೂ ಒಟ್ಟಿಗೆ. ಸೌಟು ಹಾಕಿ ಗಿರ್ರಂತ ತಿರುಗಿಸಬೇಡಿ. ಪಾತ್ರೆಯ ಎರಡು ಕಿವಿ ಹಿಡಿದು ಅಲ್ಲಾಡಿಸಿದರೆ ಸಾಕು.

ಕೆಮಿಸ್ಟ್ರಿ ಮೇಷ್ಟ್ರು, ಕೋಲಾರ
ಇಲ್ಲಿ ವಿನೆಗರ್, ಟೊಮೇಟೊ ಬರೀ ರುಚಿಗೆ ಅಲ್ಲ. ತರಕಾರಿಯನ್ನು ಗಟ್ಟಿಯಾಗಿ ಹಿಡಿದಿಡುವ ಪೆಕ್ಟಿನ್ ಹುಳಿಯಲ್ಲಿ ಬೇಗ ಕರಗುವುದಿಲ್ಲ. ಈರುಳ್ಳಿ ಅಷ್ಟು ಹೊತ್ತು ಬೆಂದರೂ ಆಕಾರ ಉಳಿಸಿಕೊಳ್ಳುವುದು ಅದರಿಂದ. ಇದೇ ಕಾರಣಕ್ಕೆ ಆಲೂಗಡ್ಡೆಯನ್ನು ಈ ಸಾರಿಗೆ ನೇರ ಹಾಕಬೇಡಿ, ಎಷ್ಟು ಹೊತ್ತಾದರೂ ನಡುವೆ ಕಲ್ಲು ಇರುತ್ತದೆ. ಬೇರೆ ಬೇಯಿಸಿ ಅಥವಾ ಕರಿದು ಪಕ್ಕಕ್ಕೆ ಇಡಿ. ಮಾಂಸಕ್ಕೆ ಹುಳಿಯಿಂದ ತೊಂದರೆ ಇಲ್ಲ.

ಇನ್ನೊಂದು ವಿಷಯ. ಅಲ್ಯೂಮಿನಿಯಂ ಕುಕ್ಕರ್, ಅಲ್ಯೂಮಿನಿಯಂ ಪಾತ್ರೆಯಲ್ಲಿ ವಿನೆಗರ್ ಹಾಕಿ ಗಂಟೆಗಟ್ಟಲೆ ಇಡಬೇಡಿ. ಲೋಹದ ವಾಸನೆ ಬರುತ್ತದೆ, ಪಾತ್ರೆಯೂ ಕರೆಗಟ್ಟುತ್ತದೆ. ಸ್ಟೀಲ್ ಅಥವಾ ಮಣ್ಣಿನದು ವಾಸಿ.

ಚಿಂತಾಮಣಿ ಮಂಡಿ
ಟೊಮೇಟೊ ಬಗ್ಗೆ ನಾನು ಬಾಯಿ ಬಿಡದಿದ್ದರೆ ಪಾಪ ಬರುತ್ತದೆ. ಕೋಲಾರದ ಎಪಿಎಂಸಿ ದೇಶದ ದೊಡ್ಡ ಟೊಮೇಟೊ ಮಾರುಕಟ್ಟೆಗಳಲ್ಲಿ ಒಂದು, ನಮ್ಮ ಚಿಂತಾಮಣಿಯೂ ಕಮ್ಮಿ ಇಲ್ಲ. ಡಬ್ಬಿಯ ಟೊಮೇಟೊ ತರಬೇಕು, ಪೇಸ್ಟ್ ತರಬೇಕು ಅಂತ ಯಾರಾದರೂ ಇಲ್ಲಿ ಬರೆದರೆ ನನಗೆ ಸಿಟ್ಟು ಬರುತ್ತದೆ.

ಮಂಡಿಗೆ ಬರುವ ಹೈಬ್ರಿಡ್ ಹಣ್ಣಿಗೆ ತೊಗಲು ದಪ್ಪ, ತಿರುಳು ಜಾಸ್ತಿ, ನೀರು ಕಮ್ಮಿ, ಹುಳಿಯೂ ಕಮ್ಮಿ. ದೂರ ಹೋಗುವ ಲಾರಿಯಲ್ಲಿ ಒಡೆಯಬಾರದು ಅಂತ ಹಾಗೆ ಬೆಳೆಸುತ್ತಾರೆ. ನಾಟಿ ಹಣ್ಣಿಗೆ ಹುಳಿ, ನೀರು, ಬೀಜ ಜಾಸ್ತಿ. ಸ್ಟ್ಯೂಗೆ ಹೈಬ್ರಿಡ್ ಮುಕ್ಕಾಲು, ನಾಟಿ ಕಾಲು ಭಾಗ ಹಾಕಿ. ನಾಟಿ ಹಾಕಿದಷ್ಟಕ್ಕೆ ವಿನೆಗರ್ ಕಮ್ಮಿ ಮಾಡಿ. ಪೂರ್ತಿ ನಾಟಿ ಹಾಕಿದರೆ ಗ್ರೀಸ್ ಹೋಗಿ ರಸಂ ಬರುತ್ತದೆ.

ಹೈಬ್ರಿಡ್ ಹಣ್ಣನ್ನು ಅಡ್ಡಕ್ಕೆ ಎರಡು ಭಾಗ ಮಾಡಿ, ಕತ್ತರಿಸಿದ ಮುಖವನ್ನು ತುರಿಯುವ ಮಣೆಗೆ ಒತ್ತಿ ತುರಿಯಿರಿ. ತೊಗಲು ಅಂಗೈಯಲ್ಲೇ ಉಳಿಯುತ್ತದೆ, ತಿರುಳು ಪಾತ್ರೆಗೆ ಬೀಳುತ್ತದೆ. ಮಿಕ್ಸಿಗೆ ಹಾಕಬೇಡಿ, ಗಾಳಿ ಸೇರಿ ನೊರೆ ಬಂದು ಬಣ್ಣ ಬಿಳಿಚಿಕೊಳ್ಳುತ್ತದೆ.

ರೇಟ್ ಮಾತ್ರ ನನ್ನನ್ನು ಕೇಳಬೇಡಿ. 2023ರ ಜುಲೈನಲ್ಲಿ 15 ಕೆಜಿ ಬಾಕ್ಸ್ 2,000 ರೂಪಾಯಿ ದಾಟಿತ್ತು. ಇನ್ನೊಂದು ಸಲ ಅದೇ ಹಣ್ಣು ರಸ್ತೆ ಪಕ್ಕ ಸುರಿದಿರುತ್ತಾರೆ. ಸುರಿಯುವ ಕಾಲ ಬಂದಾಗ ತುರಿದು, ಅರ್ಧಕ್ಕೆ ಇಳಿಸಿ ಫ್ರೀಜರ್‌ಗೆ ಹಾಕಿಕೊಳ್ಳಿ.

ತಿಪಟೂರು ಕಾಯಿ
ಕೊನೆಯಲ್ಲಿ ಸ್ವಲ್ಪ ತೆಂಗಿನ ಹಾಲು ಹಾಕಿದರೆ ಹೇಗಿರುತ್ತದೆ?

ರಾಬರ್ಟ್‌ಸನ್‌ಪೇಟೆ ಆಂಟಿ
ತಿಪಟೂರಿನವರು ಇದನ್ನು ಕೇಳದೆ ಇರಲ್ಲ ಅಂತ ಗೊತ್ತಿತ್ತು. ಚೆನ್ನಾಗಿರುತ್ತದೆ, ಆದರೆ ಅದು ಕೇರಳದವರು ‘ಇಷ್ಟು’ ಅನ್ನೋ ಅವರ ಸ್ಟ್ಯೂ. ನಮ್ಮ ಕೆಜಿಎಫ್ ಆಂಗ್ಲೋ ಇಂಡಿಯನ್ ಮನೆಗಳ ಸ್ಟ್ಯೂ ಬೇರೆ, ಅದರಲ್ಲಿ ಕ್ಯಾರೆಟ್, ಬೀನ್ಸ್, ಆಲೂಗಡ್ಡೆ, ಕಾಳುಮೆಣಸು. ಗಣಿ 2001ರಲ್ಲಿ ಮುಚ್ಚಿತು, ಎಷ್ಟೋ ಜನ ಊರು ಬಿಟ್ಟರು, ಭಾನುವಾರದ ಸ್ಟ್ಯೂ ಮಾತ್ರ ಹಲವು ಮನೆಯಲ್ಲಿ ಉಳಿದಿದೆ. ಅದಕ್ಕೂ ಇದಕ್ಕೂ ದೊಡ್ಡ ವ್ಯತ್ಯಾಸ ಅಂದರೆ ಎಣ್ಣೆ ಮತ್ತು ಹುಳಿ. ಮೆಡಿಟರೇನಿಯನ್ ಕಡೆ ಆಲಿವ್ ಎಣ್ಣೆಗೆ ಕೈ ಹಿಡಿಯುವುದಿಲ್ಲ, ಸಾರಿನ ಮೇಲೆ ತೇಲಬೇಕು.

ಪಾವಗಡ ಕಡ್ಲೆಕಾಯಿ
ಆಲಿವ್ ಎಣ್ಣೆ ಬೆಲೆ ನೋಡಿದ್ದೀರಾ ಆಂಟಿ? ಮಾಂಸಕ್ಕಿಂತ ದುಬಾರಿ!

ರಾಬರ್ಟ್‌ಸನ್‌ಪೇಟೆ ಆಂಟಿ
ಹುರಿಯೋಕೆಲ್ಲ ಕಡ್ಲೆಕಾಯಿ ಎಣ್ಣೆ ಹಾಕಿ, ಆದರೆ ಗಾಣದ್ದು ಬೇಡ, ಅದರ ಘಮ ಎದ್ದು ಕಾಣುತ್ತದೆ. ಒಲೆ ಆರಿಸಿದ ಮೇಲೆ ಎರಡು ಚಮಚ ಆಲಿವ್ ಎಣ್ಣೆ ಮೇಲೆ ಸುರಿಯಿರಿ. ವಾಸನೆ ಸಿಗುವುದು ಅದರಲ್ಲೇ. ಸಣ್ಣ ಬಾಟಲಿ ಬಹಳ ದಿನ ಬರುತ್ತದೆ.

ಶಿಡ್ಲಘಟ್ಟ ರೇಷ್ಮೆ
ವೈನ್ ಪ್ರಶ್ನೆ ಹಾಗೇ ಉಳಿಯಿತು. ನಾನು ಹೇಳುತ್ತೇನೆ. ಬೆಂಗಳೂರು ಬ್ಲೂ ದ್ರಾಕ್ಷಿ ಗೊತ್ತಲ್ಲ, ನಮ್ಮ ಚಿಕ್ಕಬಳ್ಳಾಪುರದ ಕಡೆ ಬೆಳೆಯುವ ಕಪ್ಪು ದ್ರಾಕ್ಷಿ, ಬೀಜ ಇರುವುದು. ಒಂದು ಕೆಜಿ ಮಾಂಸಕ್ಕೆ ಅರ್ಧ ಕೆಜಿ ದ್ರಾಕ್ಷಿ ತಗೊಳ್ಳಿ. ಕೈಯಲ್ಲಿ ಕಿವುಚಿ, ಸಿಪ್ಪೆ ಸಮೇತ ಹತ್ತು ನಿಮಿಷ ಕುದಿಸಿ, ಜರಡಿಯಲ್ಲಿ ಸೋಸಿ. ಮಿಕ್ಸಿ ಬೇಡ, ಬೀಜ ಒಡೆದರೆ ಕಹಿ ಒಗರು ಬರುತ್ತದೆ. ಸಿಪ್ಪೆಯಿಂದಲೇ ಬಣ್ಣ ಬರುವುದು, ಅದನ್ನು ಮೊದಲೇ ಎಸೆಯಬೇಡಿ. ಸೋಸಿದ ರಸ ಅರ್ಧಕ್ಕೆ ಇಳಿಯಲಿ. ಅದಕ್ಕೆ ಎರಡು ದೊಡ್ಡ ಚಮಚ ವಿನೆಗರ್.

ಈ ಹಣ್ಣಿಗೆ ತನ್ನದೇ ಒಂದು ಗಾಢ ವಾಸನೆ ಇದೆ, ಜಾಮ್ ನೆನಪಾಗುತ್ತದೆ. ಆದ್ದರಿಂದ ಜಾಸ್ತಿ ಹಾಕಬೇಡಿ. ಸಕ್ಕರೆ ಹಾಕಿದ ಬಾಟಲಿ ಜ್ಯೂಸ್ ಅಂತೂ ಬೇಡವೇ ಬೇಡ.

ಮುಳಬಾಗಿಲು ದೋಸೆ
ವೈನ್ ಹಾಕಿದರೂ ಬೆಂದಾಗ ಆಲ್ಕೋಹಾಲ್ ಎಲ್ಲ ಹಾರಿಹೋಗುತ್ತದೆ, ಅಮ್ಮನಿಗೆ ಹೇಳಿ.

ಕೆಮಿಸ್ಟ್ರಿ ಮೇಷ್ಟ್ರು, ಕೋಲಾರ
ಪೂರ್ತಿ ಹಾರುವುದಿಲ್ಲ. ಎರಡೂವರೆ ಗಂಟೆ ಬೇಯಿಸಿದರೂ ಸ್ವಲ್ಪ ಉಳಿದಿರುತ್ತದೆ. ಅಮ್ಮನಿಗೆ ಸುಳ್ಳು ಹೇಳಿ ತಿನ್ನಿಸುವುದಕ್ಕಿಂತ ದ್ರಾಕ್ಷಿ ರಸವೇ ಸರಿ.

ಮುಳಬಾಗಿಲು ದೋಸೆ
ಹುಣಸೆಹಣ್ಣು?

ಶಿಡ್ಲಘಟ್ಟ ರೇಷ್ಮೆ
ಬೇಡ. ಹುಣಸೆ ಬಿದ್ದ ಕ್ಷಣ ನಾಲಿಗೆ ಸಾರು ಅಂತ ತೀರ್ಮಾನ ಮಾಡಿಬಿಡುತ್ತದೆ. ಆಮೇಲೆ ಒಗ್ಗರಣೆ ಎಲ್ಲಿ ಅಂತ ಕೇಳುತ್ತದೆ.

ಮಾಲೂರು ಹೆಂಚು
ಎಲ್ಲರೂ ಸ್ಟಿಫಾಡೊ ಹಿಂದೆ ಬಿದ್ದಿದ್ದೀರಿ. ಇಟಲಿಯ ಪೆಪೋಸೊ ಬಗ್ಗೆ ಯಾರೂ ಹೇಳಲಿಲ್ಲ. ನನಗೆ ಅದು ಹತ್ತಿರ. ಯಾಕೆಂದರೆ ಅದು ಹೆಂಚಿನ ಗೂಡಿನವರ ಅಡುಗೆ, ನಮ್ಮ ಮಾಲೂರೂ ಹೆಂಚು ಇಟ್ಟಿಗೆಯ ಊರು.

ಫ್ಲಾರೆನ್ಸ್ ಪಕ್ಕದಲ್ಲಿ ಇಂಪ್ರುನೆಟಾ ಅಂತ ಊರಿದೆ. ಅಲ್ಲಿನ ಕೆಂಪು ಜೇಡಿಮಣ್ಣಿನ ಹೆಂಚು ಪ್ರಸಿದ್ಧ. ಗೂಡಿನ ಕೆಲಸದವರು ಮಣ್ಣಿನ ಪಾತ್ರೆಗೆ ಗಟ್ಟಿ ಮಾಂಸ, ಬೆಳ್ಳುಳ್ಳಿ, ಒಂದು ಹಿಡಿ ಕಾಳುಮೆಣಸು, ಉಪ್ಪು, ಕೆಂಪು ವೈನ್ ಹಾಕಿ ಗೂಡಿನ ಬಾಯಿಯ ಹತ್ತಿರ ಇಟ್ಟುಬಿಡುತ್ತಿದ್ದರಂತೆ. ಕೆಲಸ ಮುಗಿಯುವಷ್ಟರಲ್ಲಿ ಊಟ ಸಿದ್ಧ. ಫ್ಲಾರೆನ್ಸ್‌ನ ದೊಡ್ಡ ಚರ್ಚಿನ ಗುಮ್ಮಟ 1420ರಿಂದ 1436ರವರೆಗೆ ಬ್ರೂನೆಲೆಸ್ಕಿ ಕಟ್ಟಿಸಿದ್ದು. ಆ ಕಾಲದಲ್ಲಿ ಕೂಲಿಗಳಿಗೆ ಇದೇ ಊಟ ಅಂತ ಅಲ್ಲಿನವರು ಕಥೆ ಹೇಳುತ್ತಾರೆ. ಕಥೆ ನಿಜವೋ ಸುಳ್ಳೋ, ಅದರಲ್ಲಿ ಆಗ ಟೊಮೇಟೊ ಇರೋದು ಸಾಧ್ಯವೇ ಇರಲಿಲ್ಲ. ಅಮೆರಿಕದಿಂದ ಟೊಮೇಟೊ ಆ ಕಡೆ ಹೋಗಿದ್ದೇ 16ನೇ ಶತಮಾನದಲ್ಲಿ. ಚಿಂತಾಮಣಿ ಅಣ್ಣ ಕ್ಷಮಿಸಬೇಕು.

ಇದರಲ್ಲಿ ಮಾಂಸ ಹುರಿಯುವ ಕೆಲಸವೂ ಇಲ್ಲ. ಎಲ್ಲ ತಣ್ಣಗೇ ಹಾಕಿ, ಮುಚ್ಚಿ, ಸಣ್ಣ ಉರಿ. ಬೆಳ್ಳುಳ್ಳಿ ಇಡೀ ಗಡ್ಡೆ ಹಾಕಿದರೂ ಕೊನೆಗೆ ಕರಗಿಹೋಗಿರುತ್ತದೆ. ಕಾಳುಮೆಣಸು ಅರ್ಧ ಇಡಿಯಾಗಿ, ಅರ್ಧ ಜಜ್ಜಿ.

ಚಿಂತಾಮಣಿ ಮಂಡಿ
ಟೊಮೇಟೊ ಇಲ್ಲದ ಊಟಕ್ಕೆ ಇಷ್ಟು ದೊಡ್ಡ ಗುಮ್ಮಟ ಕಟ್ಟಿದರಲ್ಲ, ಅದೇ ದೊಡ್ಡದು.

ಬಂಗಾರಪೇಟೆ ಬೋಗಿ
ಹೆಂಚಣ್ಣ, ಮಣ್ಣಿನ ಮಡಕೆಯನ್ನು ಗ್ಯಾಸ್ ಮೇಲೆ ಇಡಬಹುದಾ? ಮತ್ತೆ ಆಂಟಿ, ಸ್ಟಿಫಾಡೊಗೆ ಮಾಂಸ ಹುರಿಯಲೇಬೇಕಾ?

ಮಾಲೂರು ಹೆಂಚು
ಇಡಬಹುದು. ಹೊಸ ಮಡಕೆ ಆದರೆ ಒಂದು ದಿನ ಪೂರ್ತಿ ನೀರಲ್ಲಿ ಮುಳುಗಿಸಿ, ಆಮೇಲೆ ಅಕ್ಕಿ ಗಂಜಿ ಹಾಕಿ ಕುದಿಸಿ ಚೆಲ್ಲಿ. ಸಣ್ಣ ಸಣ್ಣ ರಂಧ್ರ ಮುಚ್ಚಿಕೊಳ್ಳುತ್ತದೆ. ಗ್ಯಾಸ್ ಮೇಲೆ ದಪ್ಪನೆಯ ಹಳೇ ದೋಸೆ ಕಾವಲಿ ಇಟ್ಟು ಅದರ ಮೇಲೆ ಮಡಕೆ ಇಡಿ. ಬಿಸಿ ಮಡಕೆಗೆ ತಣ್ಣೀರು ಹಾಕಿದರೆ ಬಿರುಕು ಗ್ಯಾರಂಟಿ. ನೀರು ಬೇಕಾದರೆ ಕಾಯಿಸಿದ್ದೇ ಹಾಕಿ. ಹಿತ್ತಲಲ್ಲಿ ಸೌದೆ ಒಲೆ ಇದ್ದವರು ಪುಣ್ಯವಂತರು. ನೀಲಗಿರಿ ಸೌದೆ ಜೋರಾಗಿ ಉರಿಯುತ್ತದೆ, ಕುದಿ ಬರೋವರೆಗೆ ಮಾತ್ರ ಅದು. ಆಮೇಲೆ ಬರೀ ಕೆಂಡ ಸಾಕು.

ರಾಬರ್ಟ್‌ಸನ್‌ಪೇಟೆ ಆಂಟಿ
ಸ್ಟಿಫಾಡೊಗೆ ಹುರಿಯಬೇಕು. ಮಾಂಸವನ್ನು ತೊಳೆದಿದ್ದರೆ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ. ಒದ್ದೆ ಇದ್ದರೆ ಬಾಣಲೆಯಲ್ಲಿ ಬೇಯುತ್ತದೆಯೇ ಹೊರತು ಕಂದು ಆಗುವುದಿಲ್ಲ. ಒಂದು ಸಲಕ್ಕೆ ಐದಾರು ತುಂಡು, ಒಂದಕ್ಕೊಂದು ತಾಗದಂತೆ. ಹಾಕಿದ ತಕ್ಷಣ ಕೆದಕಬೇಡಿ. ಕಂದು ಆದಾಗ ತಾನಾಗೇ ತಳ ಬಿಡುತ್ತದೆ. ಕೊನೆಗೆ ತಳದಲ್ಲಿ ಹಿಡಿದ ಕರಕಲಿಗೆ ವಿನೆಗರ್ ಸುರಿದು ಕೆರೆದು ಅದನ್ನೂ ಹಾಕಿ. ಮುಖ ಹತ್ತಿರ ತರಬೇಡಿ, ಆವಿ ಮೂಗಿಗೆ ಹೊಡೆಯುತ್ತದೆ.

ಲೆಕ್ಕ ಹೀಗಿದೆ. ಒಂದು ಕೆಜಿ ಮಾಂಸ, ಒಂದು ಕೆಜಿ ಸಣ್ಣ ಈರುಳ್ಳಿ, ಅರ್ಧ ಕೆಜಿಗೆ ಸ್ವಲ್ಪ ಕಮ್ಮಿ ಟೊಮೇಟೊ, ಆರೇಳು ಎಸಳು ಬೆಳ್ಳುಳ್ಳಿ, ನಾಲ್ಕು ಲವಂಗ, ಬೆರಳುದ್ದ ಚಕ್ಕೆ, ಹತ್ತು ಕಾಳುಮೆಣಸು, ಎರಡು ಎಲೆ, ರೇಷ್ಮೆಯವರ ದ್ರಾಕ್ಷಿ ರಸ. ತಳ ಕೆರೆಯೋಕೂ ಅವರು ಹೇಳಿದ ಎರಡು ಚಮಚ ವಿನೆಗರನ್ನೇ ಬಳಸಿ, ಮತ್ತೆ ಹಾಕಬೇಡಿ. ಪಾತ್ರೆಯಲ್ಲಾದರೆ ಮಾಂಸ ಅರ್ಧ ಮುಳುಗುವಷ್ಟು ಬಿಸಿನೀರು. ಕುಕ್ಕರ್‌ನಲ್ಲಾದರೆ ಅರ್ಧ ಲೋಟ ಸಾಕು, ಆವಿ ಆಚೆ ಹೋಗಲ್ಲ ಅಲ್ವಾ.

ಕುಕ್ಕರ್‌ನವರು ಮಾಂಸ, ಮಸಾಲೆ, ಅರ್ಧ ಟೊಮೇಟೊ ಮಾತ್ರ ಒಳಗೆ ಹಾಕಿ ಬೇಯಿಸಿ. ಆಮೇಲೆ ಸ್ಟೀಲ್ ಪಾತ್ರೆಗೆ ಬಗ್ಗಿಸಿ ಈರುಳ್ಳಿ, ಉಳಿದ ಟೊಮೇಟೊ, ದ್ರಾಕ್ಷಿ ರಸ ಸೇರಿಸಿ, ಮುಚ್ಚಳ ಓರೆ ಮಾಡಿ ಮುಕ್ಕಾಲು ಗಂಟೆ. ಸಾರು ಸೌಟಿನ ಹಿಂಭಾಗಕ್ಕೆ ಹತ್ತಿಕೊಳ್ಳಬೇಕು.

ಗೌರಿಬಿದನೂರು ಅಕ್ಕ
ಎಲೆ ಅಂದರೆ ಪಲಾವ್ ಎಲೆನಾ ಆಂಟಿ?

ರಾಬರ್ಟ್‌ಸನ್‌ಪೇಟೆ ಆಂಟಿ
ಅಲ್ಲ ಕಣಮ್ಮ. ಕೈಯಲ್ಲಿ ಹಿಡಿದು ನೋಡಿ. ಪಲಾವ್ ಎಲೆಯಲ್ಲಿ ಬುಡದಿಂದ ತುದಿಗೆ ಮೂರು ಉದ್ದ ಗೆರೆ ಇರುತ್ತದೆ, ವಾಸನೆ ಚಕ್ಕೆಯದು. ಅವರ ಬೇ ಎಲೆಗೆ ನಡುವೆ ಒಂದೇ ಗೆರೆ, ವಾಸನೆ ಬೇರೆ. ದೊಡ್ಡ ಅಂಗಡಿಯಲ್ಲಿ ಸಿಗುತ್ತದೆ. ಸಿಗದಿದ್ದರೆ ಪಲಾವ್ ಎಲೆ ಒಂದೇ ಒಂದು ಹಾಕಿ, ಚಕ್ಕೆ ಅರ್ಧ ಮಾಡಿ. ನಮ್ಮ ಕಿರಾಣಿ ಅಂಗಡಿಯ ಚಕ್ಕೆ ಹೆಚ್ಚಾಗಿ ಕ್ಯಾಸಿಯಾ, ದಪ್ಪ ತೊಗಟೆ, ಖಾರ ಜಾಸ್ತಿ. ಒಂದು ತುಂಡು ಜಾಸ್ತಿಯಾದರೂ ಬಿರಿಯಾನಿ ವಾಸನೆ ಬಂದುಬಿಡುತ್ತದೆ.

ಗೌರಿಬಿದನೂರು ಅಕ್ಕ
ಒರಿಗ್ಯಾನೋ ಹಾಕಬಹುದಾ? ಪಿಜ್ಜಾ ಜೊತೆ ಬಂದ ಪೊಟ್ಟಣಗಳು ಡಬ್ಬಿ ತುಂಬ ಇವೆ.

ಶಿಡ್ಲಘಟ್ಟ ರೇಷ್ಮೆ
ಎಲ್ಲರ ಮನೆಯಲ್ಲೂ ಇವೆ ಅಕ್ಕ! ಆದರೆ ಅವು ಹಳತಾಗಿ ಹುಲ್ಲಿನ ಪುಡಿ ಆಗಿರುತ್ತವೆ. ಕುಂಡದಲ್ಲಿ ದೊಡ್ಡಪತ್ರೆ ಇದ್ದರೆ ಎರಡು ಎಲೆ ಹೆಚ್ಚಿ ಕೊನೆಯಲ್ಲಿ ಹಾಕಿ. ಒರಿಗ್ಯಾನೋ ಘಮಕ್ಕೆ ಕಾರಣವಾದ ಕಾರ್ವಕ್ರಾಲ್ ಅದರಲ್ಲೂ ಇದೆ. ಎರಡಕ್ಕಿಂತ ಜಾಸ್ತಿ ಹಾಕಿದರೆ ಮಕ್ಕಳ ನೆಗಡಿ ಕಷಾಯ.

ಸಿರಾ ಕುರಿ
ಕುರಿ ಮಾಂಸದವರಿಗೆ ಒಂದು ಸಾಲು. ಮುಂದಿನ ಕೈ, ಕತ್ತು ತಗೊಳ್ಳಿ. ಪಾತ್ರೆಯಲ್ಲಿ ಎರಡು ಗಂಟೆ, ಕುಕ್ಕರ್‌ನಲ್ಲಿ 20 ನಿಮಿಷ ಸಾಕು. ಕೊಬ್ಬು ಜಾಸ್ತಿ ಇರುವುದರಿಂದ ಎಣ್ಣೆ ಅರ್ಧ ಮಾಡಿ. ನನ್ನ ಕೇಳಿದರೆ ಕುರಿಗೆ ಸ್ಟಿಫಾಡೊಗಿಂತ ಮೊರಾಕೊದ ತಾಜಿನ್ ಅನ್ನೋ ಸ್ಟ್ಯೂ ಒಪ್ಪುತ್ತದೆ. ಶುಂಠಿ, ಚಕ್ಕೆ, ಸ್ವಲ್ಪ ಕೇಸರಿ, ಕೊನೆಗೆ ಒಣಗಿದ ಪ್ಲಮ್ ಹಣ್ಣು. ಪ್ಲಮ್ ಇಲ್ಲದಿದ್ದರೆ ಬೀಜ ತೆಗೆದ ಖರ್ಜೂರ.

ತುಮಕೂರು ತಿಂಡಿಪೋತ
ನಾವು ಮಾಂಸ ತಿನ್ನಲ್ಲ. ಆದರೆ ಇಷ್ಟು ಓದಿ ಹೊಟ್ಟೆ ಹಸಿಯಿತು. ನಮಗೇನಾದರೂ ಇದೆಯಾ?

ಗೌರಿಬಿದನೂರು ಅಕ್ಕ
ಅವರೆಕಾಯಿ ಕಾಲದಲ್ಲಿ ಇದೇ ಸಾರಿಗೆ ಹಿತಕಿದ ಬೇಳೆ ಬೇಡ, ಸಿಪ್ಪೆ ಇರುವ ಅವರೆಕಾಳನ್ನೇ ಹಾಕಿ. ಗ್ರೀಸ್‌ನಲ್ಲಿ ದೊಡ್ಡ ಬಿಳಿ ಕಾಳನ್ನು ಟೊಮೇಟೊ, ಆಲಿವ್ ಎಣ್ಣೆಯಲ್ಲಿ ಹೀಗೇ ಬೇಯಿಸುತ್ತಾರೆ. ಕಾಳನ್ನು ಮೊದಲು ಬೇರೆ ಬೇಯಿಸಿಕೊಂಡು ಆಮೇಲೆ ಹುಳಿಗೆ ಹಾಕಬೇಕು, ಕಾರಣ ಮೇಷ್ಟ್ರು ಆಗಲೇ ಹೇಳಿದ್ದಾರೆ. ನಮ್ಮ ಬೋರ್‌ವೆಲ್ ಗಡಸು ನೀರಲ್ಲಿ ಕಾಳು ಇನ್ನೂ ನಿಧಾನ, ಫಿಲ್ಟರ್ ನೀರು ಹಾಕಿ.

ಮುಳಬಾಗಿಲು ದೋಸೆ
ಮುಖ್ಯ ಪ್ರಶ್ನೆ ಯಾರೂ ಕೇಳಲಿಲ್ಲ. ಇದನ್ನು ಮುದ್ದೆ ಜೊತೆ ತಿನ್ನಬಹುದಾ?

ಸಿರಾ ಕುರಿ
ತಿನ್ನಬಹುದಾ ಅಂತ ಕೇಳೋದೇನು, ತಿನ್ನಬೇಕು.

ಚಿಂತಾಮಣಿ ಮಂಡಿ
ನಾನು ಒಪ್ಪಲ್ಲ. ಮುದ್ದೆಗೆ ಸಾರು ತೆಳ್ಳಗಿರಬೇಕು, ಖಾರ ಇರಬೇಕು, ನುಂಗುವಾಗ ಗಂಟಲಲ್ಲಿ ಜಾರಬೇಕು. ಇದು ಮಂದ, ಸಿಹಿಹುಳಿ. ಮುದ್ದೆ ಗಂಟಲಲ್ಲೇ ಕೂರುತ್ತದೆ.

ಸಿರಾ ಕುರಿ
ಹಾಗಾದರೆ ಎರಡು ಸೌಟು ಬಿಸಿನೀರು ಬೆರೆಸಿಕೊಳ್ಳಿ. ಯಾರು ಬೇಡ ಅಂದರು?

ರಾಬರ್ಟ್‌ಸನ್‌ಪೇಟೆ ಆಂಟಿ
ನಾಲ್ಕು ಗಂಟೆ ಇಂಗಿಸಿದ ಸಾರಿಗೆ ನೀರು ಬೆರೆಸುವ ಮಾತು ನನ್ನ ಕಿವಿಗೆ ಹಾಕಬೇಡಿ. ಅಲ್ಲಿ ಬ್ರೆಡ್, ಕರಿದ ಆಲೂಗಡ್ಡೆ, ಅನ್ನ, ಪಾಸ್ತಾ ಯಾವುದರ ಜೊತೆಗಾದರೂ ತಿನ್ನುತ್ತಾರೆ. ನಮ್ಮಲ್ಲಿ ಬೇಕರಿಯ ಬನ್ ಬೇಡ, ಸಿಹಿ ಇರುತ್ತದೆ. ಪಾವ್ ಅಥವಾ ದಪ್ಪ ಅಕ್ಕಿ ರೊಟ್ಟಿ ಸರಿ.

ಬಂಗಾರಪೇಟೆ ಬೋಗಿ
ಮಾಡಿದೆ! ಮೀನಖಂಡಕ್ಕೆ ಕುಕ್ಕರ್‌ನಲ್ಲಿ 50 ನಿಮಿಷ ಬೇಕಾಯಿತು. ಗುಡಿಬಂಡೆ ಅಣ್ಣನ ಈರುಳ್ಳಿ ಒಂದೂ ಒಡೆಯಲಿಲ್ಲ, ಒಳಗೆ ಜೆಲ್ಲಿ ಥರ ಮೆತ್ತಗೆ, ಖಾರ ಪೂರ್ತಿ ಹೋಗಿ ಸಿಹಿ. ಬಣ್ಣ ಕಡು ಕೆಂಪು. ಅಮ್ಮ ಮೊದಲ ತುತ್ತಿಗೆ ಉಪ್ಪು ಖಾರ ಎರಡೂ ಇಲ್ಲ ಅಂದರು. ಉಪ್ಪು ಸರಿಯಾಗೇ ಇತ್ತು, ಖಾರ ಇಲ್ಲ ಅನ್ನೋದನ್ನೇ ಹಾಗೆ ಹೇಳಿದ್ದು. ಆಮೇಲೆ ತಟ್ಟೆ ಪಕ್ಕ ಒಂದು ಹಸಿಮೆಣಸಿನಕಾಯಿ ಇಟ್ಟುಕೊಂಡು ಎರಡನೇ ಸಲ ಬಡಿಸಿಕೊಂಡರು. ಅಪ್ಪ ಮುದ್ದೆ ಜೊತೆಗೇ ತಿಂದರು, ಮಂಡಿ ಅಣ್ಣನ ಮಾತು ಕೇಳಲಿಲ್ಲ.

ಇನ್ನೂ ಅರ್ಧ ಉಳಿದಿದೆ. ನಾಳೆಗೆ ಇಡಬಹುದಾ?

ಕೆಮಿಸ್ಟ್ರಿ ಮೇಷ್ಟ್ರು, ಕೋಲಾರ
ಇಡಿ, ನಾಳೆಯೇ ಚೆನ್ನಾಗಿರುವುದು. ಆದರೆ ರಾತ್ರಿಯೆಲ್ಲ ಒಲೆ ಮೇಲೆ ಬಿಡಬೇಡಿ. ಅಗಲವಾದ ಪಾತ್ರೆಗೆ ಹಾಕಿ ಆರಿಸಿ, ಎರಡು ಗಂಟೆಯೊಳಗೆ ಫ್ರಿಡ್ಜ್ ಸೇರಲಿ. ಬೆಳಿಗ್ಗೆ ಗಟ್ಟಿಯಾಗಿ ನಡುಗುತ್ತಿದ್ದರೆ ಜಿಲಾಟಿನ್ ಚೆನ್ನಾಗಿ ಇಳಿದಿದೆ ಅಂತ ಅರ್ಥ. ಮೇಲೆ ಬಿಳಿ ಕೊಬ್ಬು ಕಟ್ಟಿದ್ದರೆ ಬೇಕಾದಷ್ಟು ತೆಗೆದು ಬಿಸಿ ಮಾಡಿ.

ಮಾಲೂರು ಹೆಂಚು
ಫ್ರಾನ್ಸ್‌ನ ನೀಸ್ ಕಡೆ ಉಳಿದ ಸ್ಟ್ಯೂ ಮಾಂಸವನ್ನು ಕೊಚ್ಚಿ, ಸೊಪ್ಪು ಬೆರೆಸಿ ರವಿಯೋಲಿ ಅನ್ನೋ ಪಾಸ್ತಾ ಒಳಗೆ ತುಂಬುತ್ತಾರೆ. ಅಷ್ಟು ಕಷ್ಟ ಬೇಡ ಅಂದರೆ ಚಪಾತಿ ಹಿಟ್ಟಿನಲ್ಲಿ ಕರ್ಜಿಕಾಯಿ ಆಕಾರ ಮಾಡಿ ಹಬೆಯಲ್ಲಿ ಬೇಯಿಸಿ. ದಂಟಿನ ಸೊಪ್ಪು ಚೆನ್ನಾಗಿ ಹಿಂಡಿ ಹಾಕಿ, ಇಲ್ಲದಿದ್ದರೆ ನೀರು ಬಿಟ್ಟು ಹಿಟ್ಟು ಹರಿಯುತ್ತದೆ.

ಬಂಗಾರಪೇಟೆ ಬೋಗಿ
ಹಿಟ್ಟು ಕಲಸೋಕೆ ತಂಗಿಗೆ ಹೇಳಿದ್ದೇನೆ. ಮೈದಾ ಬೆರೆಸಬೇಕಾ ಅಂತ ಕೇಳುತ್ತಿದ್ದಾಳೆ.

ಮಾಲೂರು ಹೆಂಚು
ಅರ್ಧ ಅರ್ಧ.